ಕಣ್ಣು ಹಳದಿಯಾಗದ ಕಾಮಾಲೆ: ಹೆಪಟೈಟಿಸ್ ಬಿ ಬಗ್ಗೆ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಬೇಡ?

“ಜಾಂಡೀಸ್ ಆದವರಿಗೆ ಮೂರು ದಿನ ಬರಿಹೊಟ್ಟೆಯಲ್ಲಿ ಈ ಸೊಪ್ಪಿನ ರಸ ಕೊಡಿ, ಲಿವರ್ ಹೊಸದಾಗುತ್ತದೆ.” “ಹೆಪಟೈಟಿಸ್ ಬಿ ಇರುವವರ ಜೊತೆ ಒಂದೇ ತಟ್ಟೆಯಲ್ಲಿ ಉಣ್ಣಬೇಡಿ, ಇದು ಏಡ್ಸ್‌ಗಿಂತ ನೂರು ಪಟ್ಟು ಅಪಾಯ.” ಇಂಥ ಅರ್ಥದ ಸಂದೇಶಗಳು ನಿಮ್ಮ ಫೋನಿಗೂ ಬಂದಿರಬಹುದು. ಮೊದಲನೆಯದು ಇಲ್ಲದ ಧೈರ್ಯ ಕೊಡುತ್ತದೆ. ಎರಡನೆಯದು ಬೇಡದ ಭಯ ಹುಟ್ಟಿಸುತ್ತದೆ. ಇವೆರಡರ ನಡುವೆ ನಿಜವಾದ ಅಪಾಯ ಮರೆಯಾಗಿಬಿಡುತ್ತದೆ.

ಹೆಪಟೈಟಿಸ್ ಬಿ ವಿಷಯದಲ್ಲಿ ನಮ್ಮ ಜನ ಹೆದರುವುದು ತಟ್ಟೆ, ಲೋಟ, ಟವೆಲ್‌ಗೆ. ಹೆದರಬೇಕಾದ್ದು ಹಳೆಯ ಸೂಜಿಗೆ, ಬಳಸಿದ ಬ್ಲೇಡಿಗೆ, ಹುಟ್ಟಿದ ಮಗುವಿಗೆ ತಪ್ಪಿಹೋದ ಲಸಿಕೆಗೆ. ಈ ಲೇಖನದ ಸಾರ ಇಷ್ಟೇ. ಏಕೆ ಹೀಗೆ ಎಂಬುದನ್ನು ಒಂದೊಂದಾಗಿ ನೋಡೋಣ.

ಹೆಸರು ಒಂದೇ, ರೋಗ ಹಲವು

ನಾವು ‘ಕಾಮಾಲೆ’ ಅಥವಾ ‘ಜಾಂಡೀಸ್’ ಎನ್ನುವುದು ಒಂದು ರೋಗದ ಹೆಸರಲ್ಲ, ಒಂದು ಲಕ್ಷಣದ ಹೆಸರು. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಉಂಟಾಗುತ್ತದೆ. ಅದನ್ನು ದೇಹದಿಂದ ಹೊರಹಾಕುವ ಕೆಲಸ ಲಿವರ್‌ನದು. ಲಿವರ್ ಸೋತಾಗ ಆ ಹಳದಿ ರಕ್ತದಲ್ಲೇ ಉಳಿದು ಕಣ್ಣು, ಚರ್ಮ, ಮೂತ್ರಕ್ಕೆ ಬಣ್ಣ ಬರುತ್ತದೆ. ಲಿವರ್ ಸೋಲಲು ಕಾರಣಗಳು ಹಲವು: ವೈರಸ್, ಹೆಂಡ, ಕೆಲವು ಔಷಧಿಗಳು, ಪಿತ್ತನಾಳಕ್ಕೆ ಸಿಕ್ಕಿಕೊಂಡ ಕಲ್ಲು.

ವೈರಸ್‌ಗಳಲ್ಲೂ ಎರಡು ಗುಂಪುಗಳಿವೆ. ಹೆಪಟೈಟಿಸ್ ಎ ಮತ್ತು ಇ ಹರಡುವುದು ಕೊಳಕು ನೀರು, ಕೊಳಕು ಆಹಾರದಿಂದ. ಇವು ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾವಾಗಿಯೇ ವಾಸಿಯಾಗುತ್ತವೆ. ಆದರೆ ಗರ್ಭಿಣಿಯರಿಗೆ ಇ ಬಹಳ ಅಪಾಯಕಾರಿ. ಹೆಪಟೈಟಿಸ್ ಬಿ ಮತ್ತು ಸಿ ಹರಡುವುದು ಮುಖ್ಯವಾಗಿ ರಕ್ತದಿಂದ. ಇವು ದೇಹದಲ್ಲಿ ವರ್ಷಗಟ್ಟಲೆ, ದಶಕಗಟ್ಟಲೆ ಸದ್ದಿಲ್ಲದೆ ಕೂರಬಲ್ಲವು.

‘ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ’ ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ದೀರ್ಘಕಾಲದ ಹೆಪಟೈಟಿಸ್ ಬಿ ಇರುವ ಬಹುಪಾಲು ಜನರ ಕಣ್ಣು ಹಳದಿಯಾಗಿರುವುದೇ ಇಲ್ಲ. ಅವರು ದಿನವೂ ಕೆಲಸಕ್ಕೆ ಹೋಗುತ್ತಾರೆ, ಭಾರ ಹೊರುತ್ತಾರೆ, ಮಕ್ಕಳನ್ನು ಸಾಕುತ್ತಾರೆ. ಹೊಟ್ಟೆಯಲ್ಲಿ ನೀರು ತುಂಬಿಕೊಂಡಾಗಲೋ ರಕ್ತ ವಾಂತಿಯಾದಾಗಲೋ ಮೊದಲ ಬಾರಿಗೆ ವಿಷಯ ತಿಳಿಯುವವರೂ ಇದ್ದಾರೆ. ಅಷ್ಟರಲ್ಲಿ ಲಿವರ್ ಗಟ್ಟಿಯಾಗಿ, ಅಂದರೆ ಸಿರೋಸಿಸ್ ಆಗಿ, ತಡವಾಗಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಜಗತ್ತಿನಲ್ಲಿ 25.4 ಕೋಟಿ ಜನರಿಗೆ ದೀರ್ಘಕಾಲದ ಹೆಪಟೈಟಿಸ್ ಬಿ ಇತ್ತು. ಭಾರತದಲ್ಲೇ ಈ ಸಂಖ್ಯೆ ಸುಮಾರು 2.98 ಕೋಟಿ. ಜಗತ್ತಿನ ಲೆಕ್ಕದಲ್ಲಿ, ಸೋಂಕಿರುವ ನೂರು ಜನರಲ್ಲಿ ತಮಗೆ ಸೋಂಕಿದೆ ಎಂದು ಪರೀಕ್ಷೆಯಿಂದ ತಿಳಿದಿದ್ದವರು ಸುಮಾರು 13 ಮಂದಿ ಮಾತ್ರ.

ಹಳದಿ ಹೋದರೆ ರೋಗ ಹೋಯಿತೇ?

“ನಮ್ಮ ಊರಲ್ಲಿ ಒಬ್ಬರು ನಾಟಿ ಔಷಧಿ ಕೊಡುತ್ತಾರೆ, ನಮ್ಮ ಚಿಕ್ಕಪ್ಪನಿಗೆ ಮೂರೇ ದಿನಕ್ಕೆ ವಾಸಿಯಾಯಿತು” ಎಂಬ ಮಾತನ್ನು ಕೇಳದ ಮನೆ ಇಲ್ಲ. ಹೇಳುವವರು ಸುಳ್ಳು ಹೇಳುತ್ತಿಲ್ಲ. ಚಿಕ್ಕಪ್ಪನ ಕಣ್ಣಿನ ಹಳದಿ ನಿಜಕ್ಕೂ ಇಳಿದಿರುತ್ತದೆ. ಪ್ರಶ್ನೆ ಇರುವುದು, ಅದು ಸೊಪ್ಪಿನಿಂದ ಇಳಿಯಿತೇ, ತಾನಾಗಿಯೇ ಇಳಿಯಿತೇ ಎಂಬುದರಲ್ಲಿ. ಎ ಅಥವಾ ಇ ವೈರಸ್‌ನಿಂದ ಬಂದ ಕಾಮಾಲೆಯಾಗಿದ್ದರೆ ಸೊಪ್ಪು ತಿಂದರೂ ಇಳಿಯುತ್ತದೆ, ತಿನ್ನದಿದ್ದರೂ ಇಳಿಯುತ್ತದೆ. ದೊಡ್ಡವರಾದ ಮೇಲೆ ಹೊಸದಾಗಿ ಹೆಪಟೈಟಿಸ್ ಬಿ ತಗುಲಿದವರಲ್ಲೂ ನೂರಕ್ಕೆ 95 ಜನರ ದೇಹ ವೈರಸ್ಸನ್ನು ತಾನೇ ಹತ್ತಿಕ್ಕುತ್ತದೆ. ಇಷ್ಟೂ ಜನರ ಲೆಕ್ಕ ಸೊಪ್ಪಿನ ಖಾತೆಗೆ ಜಮೆಯಾಗುತ್ತದೆ. ವಾಸಿಯಾಗದವರ ಕಥೆಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ಹಾಗೆಂದು ವಿಜ್ಞಾನಿಗಳು ಈ ಗಿಡಗಳನ್ನು ಪರೀಕ್ಷಿಸದೆ ತಳ್ಳಿಹಾಕಿಲ್ಲ. ಕಾಮಾಲೆಗೆ ಹೆಸರಾದ ನೆಲನೆಲ್ಲಿಯನ್ನೇ ತೆಗೆದುಕೊಳ್ಳಿ. ಚೆನ್ನೈನ ಸಂಶೋಧಕರು ಹೆಪಟೈಟಿಸ್ ಬಿ ಇರುವವರಿಗೆ 30 ದಿನ ಅದರ ಪುಡಿ ಕೊಟ್ಟು, 1988ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ನೆಲನೆಲ್ಲಿ ಪಡೆದ 37 ಜನರಲ್ಲಿ 22 ಮಂದಿಯ ರಕ್ತದಲ್ಲಿ ವೈರಸ್‌ನ ಗುರುತು ಕಾಣೆಯಾಗಿತ್ತು. ಬರೀ ಹುಸಿಮಾತ್ರೆ ಪಡೆದ 23 ಜನರಲ್ಲಿ ಒಬ್ಬರಿಗೆ ಮಾತ್ರ ಹಾಗಾಗಿತ್ತು. ಎಂಥವರಿಗೂ ಆಸೆ ಹುಟ್ಟಿಸುವ ಸುದ್ದಿ! ಆದರೆ ಬೇರೆ ಕಡೆ ಮತ್ತೆ ಮತ್ತೆ ಮಾಡಿದ ಪ್ರಯೋಗಗಳಲ್ಲಿ ಆ ಫಲ ಸಿಗಲಿಲ್ಲ. 2011ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿ ನೋಡಿದ ಕೊಕ್ರೇನ್ ಪರಿಶೀಲನೆ, ನೆಲನೆಲ್ಲಿ ಜಾತಿಯ ಗಿಡಗಳು ಹುಸಿಮಾತ್ರೆಗಿಂತ ಮೇಲು ಎನ್ನಲು ನಂಬಬಹುದಾದ ಪುರಾವೆ ಇಲ್ಲ ಎಂದಿತು. ಒಂದು ಪ್ರಯೋಗದ ಫಲ ಮತ್ತೊಬ್ಬರ ಕೈಯಲ್ಲೂ ಬಂದರೆ ಮಾತ್ರ ಅದನ್ನು ನೆಚ್ಚಬಹುದು.

ಸೊಪ್ಪಿನ ಔಷಧಿಯ ದೊಡ್ಡ ನಷ್ಟ ದುಡ್ಡಲ್ಲ, ಸಮಯ. ಹಳದಿ ಇಳಿದ ಕೂಡಲೇ “ವಾಸಿಯಾಯಿತು” ಎಂದು ರಕ್ತ ಪರೀಕ್ಷೆಯನ್ನೇ ಬಿಟ್ಟುಬಿಡುತ್ತಾರೆ. ಒಳಗೆ ವೈರಸ್ ಉಳಿದಿದ್ದರೆ ಅದು ಗೊತ್ತಾಗುವ ದಾರಿಯೇ ಮುಚ್ಚಿಹೋಗುತ್ತದೆ. ಕೈಗೆ ಬರೆ ಹಾಕಿಸುವುದಂತೂ ಸುಟ್ಟ ಗಾಯವನ್ನಲ್ಲದೆ ಬೇರೇನನ್ನೂ ಕೊಡುವುದಿಲ್ಲ. ಹಳದಿ ರೋಗವೆಂದು ಅಡುಗೆಯಲ್ಲಿ ಅರಿಶಿನ ಬಿಡುವುದರಿಂದ ಲಾಭವಿಲ್ಲ. ಕಣ್ಣಿನ ಹಳದಿಗೂ ಅರಿಶಿನದ ಹಳದಿಗೂ ಸಂಬಂಧವೇ ಇಲ್ಲ. ಕಬ್ಬಿನ ಹಾಲು ಲಿವರ್‌ಗೆ ಮದ್ದಲ್ಲ. ರಸ್ತೆಬದಿಯಲ್ಲಿ ಕೊಳಕು ನೀರಿನ ಐಸ್ ಹಾಕಿ ಕೊಟ್ಟರೆ ಅದರಿಂದಲೇ ಹೆಪಟೈಟಿಸ್ ಎ ಅಥವಾ ಇ ಬರಬಹುದು.

ಹೇಗೆ ಹರಡುತ್ತದೆ, ಹೇಗೆ ಹರಡುವುದಿಲ್ಲ

ಹೆಪಟೈಟಿಸ್ ಬಿ ಹರಡುವ ದಾರಿಗಳು ಇವು:

• ಸೋಂಕಿರುವ ತಾಯಿಯಿಂದ ಹೆರಿಗೆಯ ಹೊತ್ತಿಗೆ ಮಗುವಿಗೆ
• ಒಬ್ಬರಿಗೆ ಬಳಸಿದ ಸೂಜಿ, ಸಿರಿಂಜ್ ಇನ್ನೊಬ್ಬರಿಗೆ ಬಳಸಿದಾಗ
• ರೇಜರ್, ಬ್ಲೇಡ್, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್ ಹಂಚಿಕೊಂಡಾಗ
• ಶುಚಿಗೊಳಿಸದ ಸೂಜಿಯಿಂದ ಟ್ಯಾಟೂ, ಹಚ್ಚೆ, ಕಿವಿ ಚುಚ್ಚಿಸಿದಾಗ
• ಸೋಂಕಿರುವವರೊಡನೆ ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕದಿಂದ
• ಪರೀಕ್ಷಿಸದ ರಕ್ತ ಪಡೆದಾಗ

ಈಗ ರಕ್ತನಿಧಿಗಳಲ್ಲಿ ಪ್ರತಿ ರಕ್ತದ ಚೀಲಕ್ಕೂ ಹೆಪಟೈಟಿಸ್ ಬಿ ಪರೀಕ್ಷೆ ಕಡ್ಡಾಯ. ಹಾಗಾಗಿ ಕೊನೆಯ ದಾರಿ ಬಹುಮಟ್ಟಿಗೆ ಮುಚ್ಚಿದೆ. ಉಳಿದವು ತೆರೆದೇ ಇವೆ.

ಹರಡದ ದಾರಿಗಳು: ಒಂದೇ ತಟ್ಟೆಯಲ್ಲಿ ಊಟ, ಒಂದೇ ಲೋಟದ ನೀರು, ಕೈಕುಲುಕುವುದು, ಅಪ್ಪಿಕೊಳ್ಳುವುದು, ಕೆಮ್ಮು, ಸೀನು, ಸೊಳ್ಳೆ ಕಡಿತ, ಒಂದೇ ಶೌಚಾಲಯ, ಪಕ್ಕದ ಹೊಲಿಗೆ ಯಂತ್ರದಲ್ಲಿ ಕೂತು ಕೆಲಸ ಮಾಡುವುದು. ಸೋಂಕಿರುವವರು ಅಡುಗೆ ಮಾಡಿದರೆ ಅದನ್ನು ಉಣ್ಣಬಹುದು.

ಹಾಗಾದರೆ ‘ಏಡ್ಸ್‌ಗಿಂತ ನೂರು ಪಟ್ಟು’ ಎಂಬ ಮಾತು ಎಲ್ಲಿಂದ ಬಂತು? ಅದರಲ್ಲಿ ಒಂದು ಎಳೆ ಸತ್ಯವಿದೆ. ಆಸ್ಪತ್ರೆಯಲ್ಲಿ ರೋಗಿಗೆ ಚುಚ್ಚಿದ ಸೂಜಿ ಅಕಸ್ಮಾತ್ ಸಿಬ್ಬಂದಿಗೆ ಚುಚ್ಚಿದರೆ, ರೋಗಿಗೆ ಎಚ್‌ಐವಿ ಇದ್ದಲ್ಲಿ ಅದು ತಗಲುವುದು ಸಾವಿರಕ್ಕೆ ಸುಮಾರು ಮೂರು ಸಲ. ಹೆಪಟೈಟಿಸ್ ಬಿ ಇದ್ದು, ಸಿಬ್ಬಂದಿ ಲಸಿಕೆ ಪಡೆಯದಿದ್ದರೆ, ನೂರಕ್ಕೆ 30 ಸಲದವರೆಗೂ ತಗಲಬಹುದು. ಅಂದರೆ ‘ನೂರು ಪಟ್ಟು’ ಎಂಬುದು ರಕ್ತ ಅಂಟಿದ ಸೂಜಿಯ ಲೆಕ್ಕ. ಅದನ್ನು ತಟ್ಟೆ ಲೋಟಕ್ಕೆ ಅನ್ವಯಿಸುವುದು ತಪ್ಪು. ಇನ್ನೊಂದು ವ್ಯತ್ಯಾಸವೂ ಇದೆ. ಎಚ್‌ಐವಿಗೆ ಲಸಿಕೆ ಇಲ್ಲ, ಹೆಪಟೈಟಿಸ್ ಬಿಗೆ ಇದೆ.

ಈ ವೈರಸ್ ದೇಹದ ಹೊರಗೆ, ಒಣಗಿದ ರಕ್ತದ ಕಲೆಯಲ್ಲೂ ಕನಿಷ್ಠ 7 ದಿನ ಬದುಕಿರಬಲ್ಲದು. ಕಟಿಂಗ್ ಶಾಪಿನ ಹಳೆಯ ಬ್ಲೇಡನ್ನು ನೀರಲ್ಲಿ ಅದ್ದಿ ಒರೆಸಿದರೆ ಸಾಲದು ಎನ್ನುವುದು ಇದಕ್ಕೇ.

ಬಾಗಲಗುಂಟೆಯಂಥ ಕಡೆ ಅಪಾಯ ಎಲ್ಲಿದೆ?

ತುಮಕೂರು ರಸ್ತೆಯ ಎಂಟನೇ ಮೈಲಿಯಲ್ಲಿ ಹೆಸರಘಟ್ಟ ರಸ್ತೆಗೆ ತಿರುಗಿದರೆ ಬಾಗಲಗುಂಟೆ. 2007ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದ ದಾಸರಹಳ್ಳಿ ನಗರಸಭೆಯ ಭಾಗವಾಗಿತ್ತು. ಪಕ್ಕದಲ್ಲೇ ಪೀಣ್ಯ ಕೈಗಾರಿಕಾ ಪ್ರದೇಶ. ಗಾರ್ಮೆಂಟ್ಸ್, ಸಣ್ಣ ಕಾರ್ಖಾನೆ, ಕಟ್ಟಡ ಕೆಲಸ, ಮನೆಕೆಲಸ ನೆಚ್ಚಿಕೊಂಡ ಕುಟುಂಬಗಳು ಈ ಭಾಗದಲ್ಲಿ ಬಹಳ. ಉತ್ತರ ಕರ್ನಾಟಕದಿಂದ ಹಿಡಿದು ಬಿಹಾರ, ಒಡಿಶಾದವರೆಗೆ ಬೇರೆ ಬೇರೆ ಕಡೆಯಿಂದ ಬಂದವರು ಅಕ್ಕಪಕ್ಕದ ಬಾಡಿಗೆ ಮನೆಗಳಲ್ಲಿ ಇರುತ್ತಾರೆ. ಇಂಥ ಕಡೆ ಅಪಾಯ ಮೂರು ರೂಪದಲ್ಲಿ ಬರುತ್ತದೆ.

ಮೊದಲನೆಯದು, ಹುಟ್ಟಿದ ವರ್ಷ. ಸರ್ಕಾರ ಮಕ್ಕಳಿಗೆ ಉಚಿತವಾಗಿ ಈ ಲಸಿಕೆ ಕೊಡಲು ಶುರುಮಾಡಿದ್ದು 2002-03ರಲ್ಲಿ, ಅದೂ ಕೆಲವು ನಗರಗಳ ಕೊಳೆಗೇರಿಗಳು ಮತ್ತು 33 ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ. 2007-08ರಲ್ಲಿ ಕರ್ನಾಟಕವೂ ಸೇರಿ 10 ರಾಜ್ಯಗಳಿಗೆ ವಿಸ್ತರಿಸಿತು. ಬಿಹಾರ, ಒಡಿಶಾ, ಉತ್ತರ ಪ್ರದೇಶ ಸೇರಿದಂತೆ ಇಡೀ ದೇಶಕ್ಕೆ ತಲುಪಿದ್ದು 2011-12ರಲ್ಲಿ. ಹಾಗಾಗಿ ಇಂದು ದುಡಿಯುವ ವಯಸ್ಸಿನಲ್ಲಿರುವ ಬಹುಪಾಲು ಜನ ಹುಟ್ಟಿದಾಗ ಈ ಉಚಿತ ಲಸಿಕೆಯೇ ಇರಲಿಲ್ಲ. ಅಪ್ಪ ಅಮ್ಮ ದುಡ್ಡು ಕೊಟ್ಟು ಹಾಕಿಸಿರದಿದ್ದರೆ ಅವರಿಗೆ ರಕ್ಷಣೆಯಿಲ್ಲ. ಮನೆಯಲ್ಲಿ ಚಿಕ್ಕ ಮಗುವಿಗೆ ಲಸಿಕೆ ಆಗಿದೆ, ದುಡಿಯುವ ಅಪ್ಪನಿಗೆ ಆಗಿಲ್ಲ ಎಂಬ ಸ್ಥಿತಿ ಸಾಮಾನ್ಯ.

ಎರಡನೆಯದು, ಇಂಜೆಕ್ಷನ್ ಮೇಲಿನ ನಂಬಿಕೆ. ಒಂದು ದಿನ ರಜೆ ಹಾಕಿದರೆ ಒಂದು ದಿನದ ಕೂಲಿ ಹೋಗುತ್ತದೆ. ಅದಕ್ಕೇ “ಮಾತ್ರೆ ಬೇಡ ಸಾರ್, ಒಂದು ಸೂಜಿ ಹಾಕಿಬಿಡಿ” ಎನ್ನುತ್ತೇವೆ. ಮಾತ್ರೆಯಲ್ಲೇ ಹೋಗುವ ಜ್ವರಕ್ಕೂ ಸೂಜಿ ಬೀಳುತ್ತದೆ. ಡಿಗ್ರಿಯಿಲ್ಲದ ‘ಡಾಕ್ಟರ್’ ಅದೇ ಸಿರಿಂಜಿಗೆ ಸೂಜಿ ಮಾತ್ರ ಬದಲಿಸಿದರೂ ಅಪಾಯ ಹೋಗುವುದಿಲ್ಲ, ಏಕೆಂದರೆ ರಕ್ತದ ಕಣ ಸಿರಿಂಜಿನೊಳಗೂ ಸೇರಿರುತ್ತದೆ. ಇದು ಬರೀ ಊಹೆಯಲ್ಲ. 2009ರಲ್ಲಿ ಗುಜರಾತಿನ ಸಾಬರಕಾಂಠಾ ಜಿಲ್ಲೆಯ ಮೊಡಾಸಾ ಸುತ್ತಮುತ್ತ ಹೆಪಟೈಟಿಸ್ ಬಿ ಸ್ಫೋಟಿಸಿ ಹತ್ತಾರು ಜನ ಸತ್ತರು. ತನಿಖೆ ಬೊಟ್ಟು ಮಾಡಿದ್ದು ಮರುಬಳಕೆಯಾದ ಸಿರಿಂಜ್‌ಗಳ ಕಡೆಗೆ.

ಮೂರನೆಯದು, ಕಸ. ಮನೆಯಲ್ಲಿ ಬಳಸಿದ ಇನ್ಸುಲಿನ್ ಸೂಜಿ, ಕ್ಲಿನಿಕ್ಕಿನ ಸಿರಿಂಜ್ ಮಾಮೂಲಿ ಕಸದ ಜೊತೆ ಬಂದರೆ ಅದು ಚುಚ್ಚುವುದು ಪೌರಕಾರ್ಮಿಕರ, ಕಸ ಆಯುವವರ ಕೈಗೆ. ಸೂಜಿಯನ್ನು ದಪ್ಪ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ಮುಚ್ಚಳ ಬಿಗಿದು, ಬೇರೆಯಾಗಿಯೇ ಕೊಡಿ. ಯಾರಿಗಾದರೂ ಇಂಥ ಸೂಜಿ ಚುಚ್ಚಿದರೆ ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು, 24 ಗಂಟೆಯೊಳಗೆ ಆಸ್ಪತ್ರೆಗೆ ಹೋಗಬೇಕು. ಆಗ ಲಸಿಕೆ ಮತ್ತು ಅಗತ್ಯವಿದ್ದರೆ ಇಮ್ಯುನೋಗ್ಲೋಬ್ಯುಲಿನ್ ಚುಚ್ಚುಮದ್ದು ಕೊಟ್ಟು ಸೋಂಕನ್ನು ತಡೆಯಬಹುದು.

ಮಗುವಿನ ಮೊದಲ 24 ಗಂಟೆ

ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಡುವುದಾದರೆ ಇದನ್ನು ನೆನಪಿಡಿ.

ವೈರಸ್ ಯಾವ ವಯಸ್ಸಿನಲ್ಲಿ ತಗಲಿತು ಎಂಬುದರ ಮೇಲೆ ಮುಂದಿನ ಬದುಕು ನಿಂತಿದೆ. ದೊಡ್ಡವರಿಗೆ ತಗಲಿದರೆ ನೂರಕ್ಕೆ 5ಕ್ಕಿಂತ ಕಡಿಮೆ ಜನರಲ್ಲಿ ಅದು ಶಾಶ್ವತವಾಗಿ ಉಳಿಯುತ್ತದೆ. ಹುಟ್ಟುವಾಗಲೇ ತಗಲಿದರೆ ನೂರಕ್ಕೆ 90ರಷ್ಟು ಮಕ್ಕಳಲ್ಲಿ ಉಳಿದುಬಿಡುತ್ತದೆ. ಎಳೆ ಮಗುವಿನ ದೇಹಕ್ಕೆ ಅದು ಶತ್ರು ಎಂದು ಗುರುತಿಸಲು ಬರುವುದಿಲ್ಲ. ಆ ಮಗು ನಗುತ್ತಾ ಆಡುತ್ತಾ ಬೆಳೆಯುತ್ತದೆ. ಮೂವತ್ತು ನಲವತ್ತರ ವಯಸ್ಸಿನಲ್ಲಿ, ಮನೆಗೆ ಆಧಾರವಾಗಿರುವ ಹೊತ್ತಿಗೆ, ಸಿರೋಸಿಸ್ ಅಥವಾ ಲಿವರ್ ಕ್ಯಾನ್ಸರ್ ಕಾಣಿಸಬಹುದು.

ಇದನ್ನು ತಡೆಯಲು ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್ ಬೀಳಬೇಕು. ಆಮೇಲೆ 6, 10 ಮತ್ತು 14ನೇ ವಾರಗಳಲ್ಲಿ ಪೆಂಟಾವಲೆಂಟ್ ಲಸಿಕೆಯ ಭಾಗವಾಗಿ ಉಳಿದ ಡೋಸ್‌ಗಳು. ಸರ್ಕಾರಿ ಆಸ್ಪತ್ರೆಗಳಲ್ಲಿ ಎಲ್ಲವೂ ಉಚಿತ. “ಈಗಷ್ಟೇ ಹುಟ್ಟಿದ ಕೂಸಿಗೆ ಸೂಜಿ ಏಕೆ, ತಿಂಗಳಾಗಲಿ” ಎಂದು ಮನೆಯ ಹಿರಿಯರು ಹೇಳಿದರೆ, ಅವರಿಗೆ ಈ 24 ಗಂಟೆಯ ಲೆಕ್ಕ ವಿವರಿಸಿ. ಹೆರಿಗೆಗೆ ತವರಿಗೆ ಹೋದರೆ ತಾಯಿ ಕಾರ್ಡ್ ಜೊತೆಗಿರಲಿ. ಡಿಸ್ಚಾರ್ಜ್ ಆಗುವ ಮೊದಲು “ಹುಟ್ಟಿದಾಗಿನ ಹೆಪಟೈಟಿಸ್ ಬಿ ಡೋಸ್ ಆಯಿತೇ, ಕಾರ್ಡಿನಲ್ಲಿ ಬರೆದಿದ್ದಾರೆಯೇ?” ಎಂದು ಕೇಳಿ.

ಗರ್ಭಿಣಿಗೆ ಸೋಂಕಿದೆ ಎಂದು ಮೊದಲೇ ತಿಳಿದರೆ ಇನ್ನೂ ಒಳ್ಳೆಯದು. ವೈರಸ್ ಪ್ರಮಾಣ ಹೆಚ್ಚಿದ್ದರೆ ಗರ್ಭಾವಸ್ಥೆಯಲ್ಲೇ ಟೆನೊಫೊವಿರ್ ಮಾತ್ರೆ ಕೊಡಬಹುದು. ಮಗುವಿಗೆ ಲಸಿಕೆಯ ಜೊತೆ ಇಮ್ಯುನೋಗ್ಲೋಬ್ಯುಲಿನ್ ಕೊಡಬಹುದು. ಲಸಿಕೆ ಪಡೆದ ಮಗುವಿಗೆ ತಾಯಿ ಎದೆಹಾಲು ಕುಡಿಸಬಹುದು. ಹಾಲು ಬಿಡಿಸಿ ಪುಡಿ ಹಾಲಿಗೆ ದುಡ್ಡು ಸುರಿಯುವ ಅಗತ್ಯವಿಲ್ಲ.

ರಿಪೋರ್ಟ್ ‘ಪಾಸಿಟಿವ್’ ಬಂದರೆ?

ಪರೀಕ್ಷೆಯ ಹೆಸರು ಎಚ್‌ಬಿಎಸ್‌ಎಜಿ. ಗರ್ಭಿಣಿಯರ ತಪಾಸಣೆ, ಆಪರೇಷನ್ ಮುಂಚಿನ ತಪಾಸಣೆ, ರಕ್ತದಾನ, ಹೊರದೇಶದ ಕೆಲಸದ ಮೆಡಿಕಲ್ ಇವುಗಳಲ್ಲೇ ಹೆಚ್ಚಿನವರಿಗೆ ವಿಷಯ ತಿಳಿಯುವುದು. ಪಾಸಿಟಿವ್ ಎಂದರೆ ವೈರಸ್ ದೇಹದಲ್ಲಿದೆ ಎಂದರ್ಥ. ನಾಳೆಯೇ ಸಾವು ಎಂದಲ್ಲ. ನಡತೆ ಸರಿಯಿಲ್ಲ ಎಂದಂತೂ ಅಲ್ಲ. ಹುಟ್ಟುವಾಗ ತಾಯಿಯಿಂದಲೋ, ಚಿಕ್ಕಂದಿನ ಯಾವುದೋ ಸೂಜಿಯಿಂದಲೋ ಬಂದದ್ದು ಇಪ್ಪತ್ತೈದು ವರ್ಷದ ಮೇಲೆ ರಿಪೋರ್ಟಿನಲ್ಲಿ ಕಾಣಬಹುದು. ಸೊಸೆಯ ತಾಯಿ ಕಾರ್ಡಿನಲ್ಲಿ ಪಾಸಿಟಿವ್ ಎಂದು ಬಂದ ಮಾತ್ರಕ್ಕೆ ಅವಳ ಮೇಲೆ ಅನುಮಾನ ಪಡುವುದು, ಅವಳಿಗೆ ಬೇರೆ ತಟ್ಟೆ ಇಡುವುದು ಅನ್ಯಾಯ. ಇದರ ಇನ್ನೊಂದು ಕೆಟ್ಟ ಪರಿಣಾಮವೂ ಉಂಟು. ಹೀಗೆ ನೋಡಿದವರು ಮುಂದೆ ತಮ್ಮ ರಿಪೋರ್ಟನ್ನು ಬಚ್ಚಿಡುತ್ತಾರೆ, ಬಚ್ಚಿಟ್ಟ ರಿಪೋರ್ಟಿಗೆ ಚಿಕಿತ್ಸೆಯಿಲ್ಲ.

ಮುಂದಿನ ಹೆಜ್ಜೆಗಳು ಹೀಗಿವೆ. ಲಿವರ್ ಪರೀಕ್ಷೆ, ವೈರಸ್ ಪ್ರಮಾಣದ ಪರೀಕ್ಷೆ, ಹೊಟ್ಟೆಯ ಸ್ಕ್ಯಾನ್ ಮಾಡಿಸಬೇಕು. ಆರು ತಿಂಗಳಾದ ಮೇಲೂ ವೈರಸ್ ಇದ್ದರೆ ಅದು ದೀರ್ಘಕಾಲದ ಸೋಂಕು. ಇರುವವರೆಲ್ಲರಿಗೂ ತಕ್ಷಣ ಮಾತ್ರೆ ಬೇಕಾಗುವುದಿಲ್ಲ, ಆದರೆ ಎಲ್ಲರಿಗೂ ಕಾಲಕಾಲಕ್ಕೆ ತಪಾಸಣೆ ಬೇಕು. ಮಾತ್ರೆ ಬೇಕಾದವರಿಗೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ದಿನಕ್ಕೊಂದು. ಇವು ವೈರಸ್ಸನ್ನು ಅದುಮಿಡುತ್ತವೆ, ಸಾಮಾನ್ಯವಾಗಿ ಬೇರುಸಹಿತ ಕೀಳುವುದಿಲ್ಲ. ವೈರಸ್ ತನ್ನ ಅಚ್ಚನ್ನು ಲಿವರ್ ಜೀವಕೋಶದ ಒಳಗೇ ಬಚ್ಚಿಟ್ಟಿರುತ್ತದೆ. ಅದಕ್ಕೇ “ಈಗ ಚೆನ್ನಾಗಿದ್ದೇನೆ” ಎಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು, ನಿಲ್ಲಿಸಿದರೆ ರೋಗ ಒಮ್ಮೆಲೇ ಕೆರಳಬಹುದು. ಹೆಂಡವನ್ನು ಪೂರ್ತಿ ಬಿಡಬೇಕು. ಗಂಡ, ಹೆಂಡತಿ, ಮಕ್ಕಳು ಪರೀಕ್ಷೆ ಮಾಡಿಸಿ, ನೆಗೆಟಿವ್ ಇದ್ದವರು ಲಸಿಕೆ ಹಾಕಿಸಿಕೊಳ್ಳಬೇಕು.

ಖರ್ಚಿನ ಬಗ್ಗೆ ಹೆದರಬೇಡಿ. 2018ರ ಜುಲೈ 28ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು. ಅದರಡಿ ನಿಗದಿಪಡಿಸಿದ ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ನಮ್ಮ ಕ್ಲಿನಿಕ್ ಅಥವಾ ನಿಮ್ಮ ಬೀದಿಯ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಎಲ್ಲಿಗೆ ಹೋಗಬೇಕೆಂದು ತಿಳಿಯುತ್ತದೆ. 104 ಆರೋಗ್ಯ ಸಹಾಯವಾಣಿಗೂ ಕರೆ ಮಾಡಬಹುದು.

ಜುಲೈ 28ಕ್ಕೂ ಒಂದು ಕಾರಣವಿದೆ. ಅದು ಈ ವೈರಸ್ಸನ್ನು ಪತ್ತೆಹಚ್ಚಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಹುಟ್ಟಿದ ದಿನ. ಅದನ್ನೇ ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸಲಾಗುತ್ತದೆ. ಮೊದಮೊದಲು ಹೊರದೇಶದಿಂದ ಬರುತ್ತಿದ್ದ ಲಸಿಕೆ ಬಡವರ ಕೈಗೆಟುಕುತ್ತಿರಲಿಲ್ಲ. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ದೇಶದಲ್ಲೇ ತಯಾರಿಸಿದ ಲಸಿಕೆಯನ್ನು ಮಾರುಕಟ್ಟೆಗೆ ತಂದ ಮೇಲೆ ಬೆಲೆ ಇಳಿಯಿತು. ವಾಡಿಕೆಯ ಉಚಿತ ಲಸಿಕೆ ಇರುವುದು ಶಿಶುಗಳಿಗೆ. ದೊಡ್ಡವರು ವೈದ್ಯರ ಸಲಹೆಯಂತೆ ಹಾಕಿಸಿಕೊಳ್ಳಬಹುದು: ಮೊದಲ ಡೋಸ್, ಒಂದು ತಿಂಗಳ ಮೇಲೆ ಎರಡನೆಯದು, ಆರನೇ ತಿಂಗಳಿಗೆ ಮೂರನೆಯದು.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

1. ಕಣ್ಣು ಹಳದಿಯಾಗದಿದ್ದರೂ ಹೆಪಟೈಟಿಸ್ ಬಿ ಇರಬಹುದು. ತಿಳಿಯಲು ರಕ್ತ ಪರೀಕ್ಷೆಯೊಂದೇ ದಾರಿ.
2. ಒಟ್ಟಿಗೆ ಊಟ ಮಾಡಿದರೆ ಬರುವುದಿಲ್ಲ. ಸೂಜಿ, ಬ್ಲೇಡ್, ಬ್ರಷ್ ಹಂಚಿಕೊಂಡರೆ ಬರಬಹುದು.
3. ಮಾತ್ರೆ ಸಾಕೆನ್ನುವ ಕಡೆ ಸೂಜಿ ಕೇಳಬೇಡಿ. ಸೂಜಿ ಬೇಕೇ ಬೇಕಾದರೆ ಹೊಸ ಸಿರಿಂಜಿನ ಪ್ಯಾಕೆಟ್ಟನ್ನು ನಿಮ್ಮ ಎದುರಿಗೇ ಒಡೆಯಲು ಹೇಳಿ.
4. ಕಟಿಂಗ್ ಶಾಪಿನಲ್ಲಿ ಹೊಸ ಬ್ಲೇಡ್ ಕೇಳಿ. ಕೇಳುವುದಕ್ಕೆ ನಾಚಿಕೆ ಬೇಡ.
5. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಡೋಸ್.
6. ಕಾಮಾಲೆಗೆ ನಾಟಿ ಔಷಧಿ ತೆಗೆದುಕೊಂಡು ಹಳದಿ ಇಳಿದಿದ್ದರೂ ಒಮ್ಮೆ ಎಚ್‌ಬಿಎಸ್‌ಎಜಿ ಪರೀಕ್ಷೆ ಮಾಡಿಸಿ.
7. ಪಾಸಿಟಿವ್ ಇರುವವರನ್ನು ದೂರ ಇಡಬೇಡಿ. ಚಿಕಿತ್ಸಾ ಕೇಂದ್ರಕ್ಕೆ ಅವರ ಜೊತೆ ಹೋಗಿ.